ಮುನಿಗಂಗಮ್ಮನ ಎಂಟು ವರ್ಷ

ಶೆಟ್ಟಿಹಳ್ಳಿಯ ಮುನಿಗಂಗಮ್ಮ ಜಾಲಹಳ್ಳಿಯ ಕಾರ್ಖಾನೆಯ ಕ್ಯಾಂಟೀನಿಗೆ ಕೆಲಸಕ್ಕೆ ಸೇರಿದಾಗ ಅವಳಿಗೆ ಮೂವತ್ತೆಂಟು ವರ್ಷ. ಅದು ೧೯೫೬ನೇ ಇಸವಿ. ಕಾರ್ಖಾನೆ ಎದ್ದು ನಿಂತಿದ್ದ ನೆಲದಲ್ಲಿ ಅವರ ಮನೆಯ ರಾಗಿ ಹೊಲವೂ ಸೇರಿತ್ತು. ನಾಲ್ಕು ವರ್ಷದ ಹಿಂದೆ ಬಗ್ಗಿ ಕಳೆ ಕಿತ್ತಿದ್ದ ಜಾಗದಲ್ಲಿ ಈಗ ಸಿಮೆಂಟು ನೆಲದ ಮೇಲೆ ನಿಂತು ಮುನ್ನೂರು ಜನಕ್ಕೆ ಮುದ್ದೆ ಮಾಡಬೇಕಾಗಿತ್ತು. ಜಮೀನು ಬಿಟ್ಟುಕೊಟ್ಟ ಮನೆಗೊಂದು ಕೆಲಸ ಎಂದಾಗ ಅವಳ ತಮ್ಮ ಗುಂಡಣ್ಣ, ಸೈರನ್ ಕೂಗಿದಾಗ ಎದ್ದು ಓಡುವುದು ತನ್ನಿಂದಾಗದು ಎಂದ. "ಅಕ್ಕ ಹೋಗಲಿ," ಎಂದು ಅವನೇ ಹೆಸರು ಬರೆಸಿದ.

ಮುನಿಗಂಗಮ್ಮನಿಗೆ ಮದುವೆಯಾಗಿದ್ದು ಹನ್ನೆರಡನೇ ವಯಸ್ಸಿನಲ್ಲಿ, ಚಿಕ್ಕಬಾಣಾವರದ ಹುಡುಗನ ಜೊತೆ. ಹದಿನೈದಕ್ಕೆ ಗಂಡನ ಮನೆಗೆ ಹೋದಳು, ಏಳು ತಿಂಗಳಿದ್ದಳು. ಗಂಡನಿಗೆ ಜ್ವರ ಬಂದು ಐದನೇ ದಿನ ತೀರಿಹೋದ. ಅವನ ಮುಖ ಕೂಡ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಊಟಕ್ಕೆ ಕೂತಾಗ ಎಡಗೈಯನ್ನು ಮಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದ, ಅದೊಂದೇ ನೆನಪು. ತವರಿಗೆ ಮರಳಿ ಬಂದ ವರ್ಷವೇ ಅವಳ ಅವ್ವನೂ ಹೋದಳು. ಆಗ ಗುಂಡಣ್ಣನಿಗೆ ಐದು ವರ್ಷ. ಅವನಿಗೆ ಉಣ್ಣಿಸಿದ್ದು, ಮೀಯಿಸಿದ್ದು, ಸ್ಲೇಟು ಕೊಟ್ಟು ಇಸ್ಕೂಲಿಗೆ ಅಟ್ಟಿದ್ದು ಎಲ್ಲ ಅವಳೇ.

ಅವರ ಜನದಲ್ಲಿ ಗಂಡ ಸತ್ತ ಹೆಣ್ಣು ಇನ್ನೊಂದು ಮನೆ ಸೇರುವುದು ಹೊಸತೇನಲ್ಲ. ಅದಕ್ಕೆ ಕೂಡಿಕೆ ಎನ್ನುತ್ತಿದ್ದರು. ಚಪ್ಪರವಿಲ್ಲ, ಓಲಗವಿಲ್ಲ. ನಾಲ್ಕು ಜನರೆದುರು ಗಂಡು ಒಂದು ಸೀರೆ ಕೊಡುತ್ತಾನೆ, ಹೆಣ್ಣು ಅದನ್ನುಟ್ಟು ಅವನ ಜೊತೆ ಹೊರಡುತ್ತಾಳೆ, ಅಷ್ಟೇ. ಅವಳ ಅಪ್ಪನ ತಾಯಿಯೇ ಆ ಮನೆಗೆ ಹಾಗೆ ಬಂದವಳು. ಮುನಿಗಂಗಮ್ಮನನ್ನೂ ಎರಡು ಸಲ ಕೇಳಿಕೊಂಡು ಬಂದಿದ್ದರು, ಇಪ್ಪತ್ತರಲ್ಲಿ ಒಮ್ಮೆ, ಇಪ್ಪತ್ನಾಲ್ಕರಲ್ಲಿ ಒಮ್ಮೆ. ಅಪ್ಪ ಎರಡು ಸಲವೂ, "ಮಗ ಇನ್ನೊಂದಿಷ್ಟು ದೊಡ್ಡೋನಾಗ್ಲಿ," ಎಂದ. ಮಗ ದೊಡ್ಡವನಾದ. ಅಪ್ಪ ತೀರಿಕೊಂಡ. ಆ ಹೊತ್ತಿಗೆ ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ.

ಗುಂಡಣ್ಣನ ಹೆಂಡತಿ ಪುಟ್ಟಲಕ್ಷ್ಮಿ ಚೊಚ್ಚಲ ಹೆರಿಗೆಯಲ್ಲಿ ಆರು ತಿಂಗಳು ಹಾಸಿಗೆ ಹಿಡಿದಳು. ಆಗ ಹುಟ್ಟಿದ ಕೃಷ್ಣವೇಣಿ ಅತ್ತೆಯ ಕಂಕುಳಲ್ಲೇ ಬೆಳೆದಳು. ಹೊಲ ಹೋದ ಮೇಲೆ ಗುಂಡಣ್ಣ ಇಟ್ಟಿಗೆ ಗೂಡು ಹಾಕಿದ. ಸುತ್ತ ಎಲ್ಲ ಕಡೆ ಕ್ವಾರ್ಟರ್ಸು, ಹೊಸ ಮನೆಗಳು ಏಳುತ್ತಿದ್ದ ಕಾಲ. ಅವನ ಕೈಗೆ ವಾಚು ಬಂತು. ಪೇಟೆಯ ಮೇಸ್ತ್ರಿಗಳು, ಓವರ್ಸಿಯರುಗಳ ಜೊತೆ ಓಡಾಡಿ ಅವನ ಮಾತಿನ ರೀತಿ ಬದಲಾಯಿತು. ಊರಲ್ಲಿ ಎಲ್ಲರೂ "ಓಗಾನ, ಇಂಗೆ" ಎನ್ನುತ್ತಿದ್ದರೆ ಅವನೊಬ್ಬ "ಹೋಗೋಣ, ಹೀಗೆ" ಎನ್ನತೊಡಗಿದ.

ಕ್ಯಾಂಟೀನಿನ ದೊಡ್ಡ ಅಡಿಗೆಯವನು ಮೆಹಬೂಬ್ ಪಾಷಾ. ಪಲ್ಯ, ಸಾರು, ಅನ್ನ ಅವನ ಕಡೆ. ಮುದ್ದೆಯ ಪಾತ್ರೆ ಮುನಿಗಂಗಮ್ಮನದು. ಹನ್ನೊಂದು ಗಂಟೆಗೆ ಎಸರು ಕುದಿಯಲು ಶುರುವಾದರೆ ಹನ್ನೆರಡೂವರೆಯ ಸೈರನ್ ಹೊತ್ತಿಗೆ ಮುದ್ದೆಗಳು ಸಾಲಾಗಿ ಕೂತಿರಬೇಕು. ಊಟದ ಸಾಲಿನಲ್ಲಿ ಯಾವಾಗಲೂ ಕೊನೆಗೆ ಬರುವ ಒಬ್ಬ ಮನುಷ್ಯನಿದ್ದ. ಕಿವಿಯ ಮೇಲೆ ಚಪ್ಪಟೆ ಪೆನ್ಸಿಲು, ಅಂಗಿಯ ತೋಳಿನ ಮೇಲೆ ಮರದ ಹೊಟ್ಟು. ಅವನೇ ನರಸಿಂಹಯ್ಯ. ತಯಾರಾದ ಯಂತ್ರಗಳನ್ನು ರೈಲಿಗೆ ಹಾಕುವ ಮೊದಲು ಅವಕ್ಕೆ ಮರದ ಪೆಟ್ಟಿಗೆ ಹೊಡೆಯುವ ಶೆಡ್ಡಿನಲ್ಲಿ ಬಡಗಿ.

ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಬೇಕು. ಒಂದು ದಿನ ತಟ್ಟೆ ತೊಳೆದಿಟ್ಟು ಅವನು ಹೊರಡದೆ ನಿಂತ.

"ಬಲಗೈ ನೋಯ್ತದಾ?" ಎಂದು ಕೇಳಿದ.

"ಯಾಕೆ?" ಎಂದಳು ಮುನಿಗಂಗಮ್ಮ.

"ನಾಲ್ಕು ದಿನದಿಂದ ಎಡಗೈಲಿ ಬಡಿಸ್ತಿದ್ದೀರಿ."

ಅವಳಿಗೆ ನಾಚಿಕೆಯಾಯಿತು. ಎಡಗೈಯಲ್ಲಿ ಬಡಿಸಿದ್ದಕ್ಕೆ ಬೈಯಲು ಬಂದಿದ್ದಾನೆ ಎಂದುಕೊಂಡಳು. "ಇಟ್ಟು ತೊಳಸಿ ತೊಳಸಿ ಭುಜ ಇಡ್ಕಂಡದೆ. ಬ್ಯಾಸರ ಮಾಡ್ಕಬ್ಯಾಡಿ."

"ಕೋಲು ಗಿಡ್ಡ. ನೀವು ಬಗ್ಗಿ ಬಗ್ಗಿ ತೊಳಸ್ತೀರಿ. ಅದಕ್ಕೇ," ಎಂದು ಅವನು ಹೊರಟುಹೋದ.

ಮುಂದಿನ ವಾರ ಹೊಸದೊಂದು ಮುದ್ದೆ ಕೋಲನ್ನು ತಂದು ಮೆಹಬೂಬ್ ಪಾಷಾನ ಕೈಗೆ ಕೊಟ್ಟ. ಜಾಲಿ ಮರದ್ದು, ಹಿಡಿಯುವ ಕಡೆ ನುಣ್ಣಗೆ ಉಜ್ಜಿತ್ತು. "ಅವರ ಎತ್ತರಕ್ಕೆ ಮಾಡಿರೋದು ಪಾಷಾ ಸಾಹೇಬ್ರೇ. ಬೇರೆಯವರಿಗೆ ಸರಿಹೋಗಲ್ಲ," ಎಂದ. ಪಾಷಾ ಕೋಲನ್ನು ತಿರುಗಿಸಿ ನೋಡಿದ, ಅವನ ಮುಖವನ್ನೂ ನೋಡಿದ. "ಅಳತೆ ಯಾವಾಗ ತಗೊಂಡ್ರಿ?" ಎಂದು ಮಾತ್ರ ಕೇಳಿದ. ನರಸಿಂಹಯ್ಯ ಕಿವಿಯ ಮೇಲಿನ ಪೆನ್ಸಿಲು ಸರಿಮಾಡಿಕೊಂಡು ಶೆಡ್ಡಿನ ಕಡೆ ಹೊರಟ.

ಅವತ್ತು ಸಂಜೆ ಕೆಲಸ ಮುಗಿಸಿ ನಡೆದು ಬರುವಾಗ ಊರ ಕೆರೆಯ ಏರಿಯ ಮೇಲೆ ಮುನಿಗಂಗಮ್ಮನಿಗೆ ಅಳು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಇಪ್ಪತ್ತಮೂರು ವರ್ಷ ಒಂದು ಮನೆಯ ನೀರು, ಸೌದೆ, ಹಟ್ಟಿ, ಹೊಲ ಎಲ್ಲ ಹೊತ್ತವಳು ಅವಳು. ಕೈ ನೋಯುತ್ತದಾ ಎಂದು ಯಾರೂ ಕೇಳಿರಲಿಲ್ಲ. ಕೇಳಲಿಲ್ಲವಲ್ಲ ಎಂದು ಅವಳಿಗೂ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ಮನೆಯ ಹಿಂದೆ ಉಳಿದಿದ್ದ ತುಂಡು ಜಮೀನಿನಲ್ಲಿ ಅವಳು ಸೊಪ್ಪು, ಅವರೆ ಬೆಳೆದು ಭಾನುವಾರ ಯಶವಂತಪುರದ ಸಂತೆಗೆ ಒಯ್ಯುತ್ತಿದ್ದಳು. ನರಸಿಂಹಯ್ಯನ ರೂಮು ಅಲ್ಲೇ, ಸಂತೆ ಮೈದಾನದ ಹಿಂದಿನ ವಠಾರದಲ್ಲಿ. ಮೊದಮೊದಲು ಅವನು ಒಂದು ಕಟ್ಟು ದಂಟಿನ ಸೊಪ್ಪು ಕೊಂಡು ಹೋಗುತ್ತಿದ್ದ. ಆಮೇಲೆ ಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಆಮೇಲೆ ಅವಳ ಗೋಣಿಚೀಲದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವರೆಕಾಯಿ ಆರಿಸಿಕೊಡುತ್ತಿದ್ದ. ಅವನದು ನೆಲಮಂಗಲದ ಕಡೆಯ ಊರು, ಇವರದೇ ಜನ. ಹೆಂಡತಿ ಹತ್ತೊಂಬತ್ತಕ್ಕೆ ಹೆರಿಗೆಯಲ್ಲಿ ಹೋಗಿದ್ದಳು, ಮಗುವೂ ಉಳಿಯಲಿಲ್ಲ. ಅದಾಗಿ ಇಪ್ಪತ್ತು ವರ್ಷ ಕಳೆದಿತ್ತು.

"ಇನ್ನೊಂದು ಯಾಕೆ ಮಾಡ್ಕಂಡಿಲ್ಲ?" ಎಂದು ಅವಳೊಮ್ಮೆ ಕೇಳಿದಳು.

"ಕೇಳಿದೋರೆಲ್ಲ ಹದಿನಾರು ಹದಿನೇಳರ ಮಕ್ಕಳನ್ನ ತೋರಿಸ್ತಿದ್ರು. ಅವರ ಹತ್ರ ನಾನೇನು ಮಾತಾಡ್ಲಿ? ನನಗೆ ಕೂತು ಮಾತಾಡೋರು ಬೇಕಾಗಿತ್ತು," ಎಂದ.

೧೯೫೮ರ ಅವರೆಕಾಯಿ ಸುಗ್ಗಿಯಲ್ಲಿ ಒಂದು ಭಾನುವಾರ ಅವನು ಬಂದು ಕೂತು, ಒಂದು ರಾಶಿ ಕಾಯಿ ಆರಿಸಿಟ್ಟು ಹೇಳಿದ: "ನಮ್ಮ ವಠಾರಕ್ಕೆ ನಲ್ಲಿ ಹಾಕಿಸಿದಾರೆ ಗಂಗಮ್ಮ. ದೂರದಿಂದ ನೀರು ಹೊರೋ ಕಷ್ಟ ಇಲ್ಲ."

"ಅದನ್ನ ನಂಗ್ಯಾಕೆ ಯೋಳ್ತೀರಿ?"

"ನೀವು ಬರೋದಾದ್ರೆ ತಿಳಿದಿರಲಿ ಅಂತ."

ಅವಳು ಅಳೆಯುತ್ತಿದ್ದ ಸೇರನ್ನು ಕೆಳಗಿಟ್ಟಳು. ಎದುರಿಗೆ ನಿಂತಿದ್ದ ಗಿರಾಕಿ ಎರಡು ಸಲ ಕೂಗಿದರೂ ಕೇಳಿಸಲಿಲ್ಲ. ಅವತ್ತು ಅವಳು ಉತ್ತರ ಕೊಡಲಿಲ್ಲ, ಅದರ ಮುಂದಿನ ಎರಡು ಭಾನುವಾರವೂ ಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಮೂರನೇ ಭಾನುವಾರ ಅವನು ಎದ್ದು ಹೊರಟಾಗ, "ತಮ್ಮನ್ನ ಒಂದ್ಮಾತು ಕೇಳ್ತೀನಿ," ಎಂದಳು. ಅವನು ತಲೆ ಆಡಿಸಿ, ಸೊಪ್ಪಿನ ಕಟ್ಟನ್ನು ಅಲ್ಲೇ ಮರೆತು ಹೋದ.

ಗುಂಡಣ್ಣ ಬೆಳಗಿನ ಕಾಫಿ ಕುಡಿದು ಜಗಲಿಯ ಮೇಲೆ ಕೂತಿದ್ದ. ಮುನಿಗಂಗಮ್ಮ ವೇಣಿಯ ಜಡೆ ಹೆಣೆದು ಇಸ್ಕೂಲಿಗೆ ಕಳಿಸಿ ಬಂದು ಕಂಬಕ್ಕೆ ಒರಗಿ ನಿಂತಳು.

"ಗುಂಡ, ಒಬ್ರು ಕೇಳವ್ರೆ."

"ಏನನ್ನ?"

"ನನ್ನ."

ಅವನು ತಮಾಷೆ ಎಂದುಕೊಂಡು ನಕ್ಕ. ಅಕ್ಕನ ಮುಖ ನೋಡಿದ ಮೇಲೆ ನಗು ನಿಂತಿತು. "ಕೂಡಿಕೆನಾ? ಅದೆಲ್ಲ ಹಳೇ ಕಾಲದ್ದು ಅಕ್ಕ. ನಾವೀಗ ಹಾಗಿಲ್ಲ."

"ನಮ್ಮಜ್ಜಿ ಅಂಗೇ ಅಲ್ವಾ ಈ ಮನೆಗೆ ಬಂದಿದ್ದು?"

"ಆ ಮಾತು ಹೊರಗೆ ಎಲ್ಲೂ ಆಡಬೇಡ," ಎಂದು ಅವನು ಬಾಗಿಲ ಕಡೆ ನೋಡಿದ. ದನಿ ಏರಿತು, ಏರುತ್ತಿದ್ದಂತೆ ಕಲಿತ ಮಾತೆಲ್ಲ ಕಳಚಿಕೊಂಡಿತು. "ನಾಳೆ ವೇಣಿಗೆ ಒಳ್ಳೇ ಕಡೆಯಿಂದ ಗಂಡು ಕೇಳ್ಕಂಡು ಬರ್ತಾರೆ. ಓದಿರೋ ಜನ, ಪ್ಯಾಟೆ ಜನ. ಅವಳತ್ತೆ ನಲವತ್ತು ವರ್ಸಕ್ಕೆ ಓಗಿ ಯಾವೋನ್ದೋ ಮನೆ ಸೇರ್ಕಂಡ್ಲು ಅಂದ್ರೆ ಯಾವೋನು ಬತ್ತಾನೆ ಇಲ್ಲಿಗೆ? ಇಷ್ಟು ವರ್ಸ ಇಲ್ದಿದ್ದು ಈಗ ಏನು ನಿಂಗೆ?"

ಒಳಗೆ ರೊಟ್ಟಿ ತಟ್ಟುತ್ತಿದ್ದ ಪುಟ್ಟಲಕ್ಷ್ಮಿಯ ಕೈ ನಿಂತಿದ್ದು ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ಗುಂಡಣ್ಣನೇ ತಣ್ಣಗಾಗಿ ಹೇಳಿದ: "ವೇಣಿ ಮದುವೆ ಒಂದು ಆಗಲಿ ಅಕ್ಕ. ಆಮೇಲೆ ನೋಡೋಣ. ನಾನೇನು ಬೇಡ ಅಂದ್ನಾ?"

ವೇಣಿಗೆ ಆಗ ಹತ್ತು ವರ್ಷ.

ಮುಂದಿನ ಸಂತೆಯಲ್ಲಿ ಇದನ್ನು ಕೇಳಿ ನರಸಿಂಹಯ್ಯ ಬೆರಳು ಮಡಿಚಿ ಎಣಿಸಿದ. "ಏಳು ಎಂಟು ವರ್ಷ ಆಗ್ತದೆ. ಆಗ ನನಗೆ ಐವತ್ತನಾಲ್ಕು. ಅವರೆಕಾಯಿ ಅಗಿಯೋಕೆ ಹಲ್ಲಿರ್ತವೋ ಇಲ್ವೋ."

"ಬ್ಯಾಡಾಂದ್ರೆ ಬ್ಯಾಡ ಅನ್ನಿ."

"ಬೇಡ ಅಂತ ಯಾರಂದ್ರು? ಹಲ್ಲಿನ ವಿಚಾರ ಹೇಳ್ದೆ."

ಹೀಗೆ ಕಾಯುವುದು ಶುರುವಾಯಿತು. ಜೊತೆಯಲ್ಲಿ ನಡೆಯಬಾರದು, ಕ್ಯಾಂಟೀನಿನಲ್ಲಿ ಮಾತಾಡಬಾರದು ಎಂದು ಅವಳೇ ಕಟ್ಟು ಹಾಕಿದಳು. ಅವನು ಸಾಲಿನ ಕೊನೆಯಲ್ಲಿ ಬರುವನು, ಅವಳು ಕೊನೆಯ ಮುದ್ದೆ ಇಡುವಳು. "ಸಾರು ಸಾಕಾ?" "ಸಾಕು." ವಾರದ ಆರು ದಿನಕ್ಕೆ ಅಷ್ಟೇ. ಉಳಿದದ್ದೆಲ್ಲ ಭಾನುವಾರಕ್ಕೆ. ಭಾನುವಾರ ಅವನು ರೂಮಿನ ಸುದ್ದಿ ತರುತ್ತಿದ್ದ. ಪೆಟ್ಟಿಗೆಗೆ ಬಾರದ ತುಂಡು ಹಲಗೆಗಳನ್ನು ಕೇಳಿ ತಂದು ಒಂದೊಂದೇ ಸಾಮಾನು ಮಾಡುತ್ತಿದ್ದ. ಬಿಂದಿಗೆ ಇಡಲು ಮಣೆ ಮಾಡಿದೆ, ಗೋಡೆಗೆ ಗೂಡು ಹೊಡೆದೆ, ಮಂಚದ ಕಾಲು ಮುಗೀತು, ಕಿಟಕಿಗೆ ಬಾಗಿಲು ಕೂರಿಸಿದೆ ಎಂದು ಹೇಳುತ್ತಿದ್ದ. ಆ ರೂಮನ್ನು ಅವಳು ಒಮ್ಮೆಯೂ ನೋಡಲಿಲ್ಲ. ಕೂಗಳತೆಯಲ್ಲಿದ್ದರೂ ಹೋಗಲಿಲ್ಲ. ಆದರೆ ಸಂಜೆ ಏರಿಯ ಮೇಲೆ ನಡೆದು ಬರುವಾಗ ಆ ರೂಮಿನಲ್ಲಿ ಓಡಾಡುತ್ತಿದ್ದಳು. ಒಲೆ ಎಲ್ಲಿರಬೇಕು, ರಾಗಿ ಹಿಟ್ಟಿನ ಡಬ್ಬ ಎಲ್ಲಿ, ಒದ್ದೆ ಸೀರೆ ಎಲ್ಲಿ ಹರವಬೇಕು ಎಂದು ಯೋಚಿಸಿ ಇಡುತ್ತಿದ್ದಳು. ಮನೆ ಸೇರುವ ಹೊತ್ತಿಗೆ ಕೆಲಸ ಅರ್ಧಕ್ಕೆ ನಿಂತಿರುತ್ತಿತ್ತು. ಮಾರನೇ ದಿನ ಅಲ್ಲಿಂದ ಮುಂದುವರಿಸುತ್ತಿದ್ದಳು.

೧೯೬೨ರಲ್ಲಿ ಗಡಿಯಲ್ಲಿ ಯುದ್ಧ ಬಂದಾಗ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಯಿತು. ನರಸಿಂಹಯ್ಯನನ್ನು ಎರಡನೇ ಪಾಳಿಗೆ ಹಾಕಿದರು, ಭಾನುವಾರವೂ ಬರಬೇಕಾಯಿತು. ನಾಲ್ಕು ತಿಂಗಳು ಅವಳು ಅವನನ್ನು ನೋಡಲಿಲ್ಲ. ಅವಳು ಪಾತ್ರೆ ತೊಳೆದು ಹಿಂದಿನ ಗೇಟಿನಿಂದ ಹೊರಡುವಾಗ ಅವನು ಮುಂದಿನ ಗೇಟಿನಿಂದ ಒಳಗೆ ಬರುತ್ತಿದ್ದ. ಮೊದಲ ವಾರ ಅಭ್ಯಾಸಬಲದಿಂದ ಒಂದು ಮುದ್ದೆಯನ್ನು ಮುಚ್ಚಿಟ್ಟಳು. ಮೆಹಬೂಬ್ ಪಾಷಾ ಅದನ್ನು ನೋಡಿ, "ಪ್ಯಾಕಿಂಗ್ ಶೆಡ್ಡಲ್ಲಿ ಎಲ್ಲಾರೂ ಆರಾಮಾಗವ್ರೆ ಅಮ್ಮ. ಇವತ್ತು ನೋಡ್ದೆ," ಎಂದ. ದಿನಕ್ಕೊಂದು ಸಲ ಹಾಗೆ ಹೇಳುವುದನ್ನು ಅವನು ರೂಢಿ ಮಾಡಿಕೊಂಡ. ಸಂತೆಯಲ್ಲಿ ಯಾರ ಕಿವಿಯ ಮೇಲೆ ಪೆನ್ಸಿಲು ಕಂಡರೂ ಅವಳು ಕತ್ತೆತ್ತಿ ನೋಡುತ್ತಿದ್ದಳು. ಸೊಪ್ಪು ಮಾರಿ ಮುಗಿದರೂ ಗೋಣಿಚೀಲ ಮಡಿಚದೆ ಕೂರುತ್ತಿದ್ದಳು. ನಾಲ್ಕು ತಿಂಗಳ ಮೇಲೆ ಒಂದು ಸೋಮವಾರ ಅವನು ಸಾಲಿನ ಕೊನೆಯಲ್ಲಿ ಬಂದು ನಿಂತ. ಕಿವಿಯ ಪಕ್ಕದ ಕೂದಲು ಪೂರಾ ಬೆಳ್ಳಗಾಗಿತ್ತು. ಅವಳು ಅದನ್ನೇ ನೋಡುತ್ತಾ ಬಡಿಸಿದಳು, ಸಾರು ತಟ್ಟೆಯಾಚೆ ಚೆಲ್ಲಿತು.

೧೯೬೫ರಲ್ಲಿ ವೇಣಿಯ ಮದುವೆಯಾಯಿತು. ಗಂಡು ಉಪೇಂದ್ರ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಗಂಗಾನಗರದಲ್ಲಿ ಹೊಸ ಮನೆ. ಮುನಿಗಂಗಮ್ಮ ಹದಿನೈದು ದಿನ ಹಪ್ಪಳ, ಸಂಡಿಗೆ, ಚಕ್ಕುಲಿ ಎಂದು ನಿಂತ ಕಾಲಲ್ಲಿ ನಿಂತಳು. ಧಾರೆಯ ಹೊತ್ತಿಗೆ ಮಾತ್ರ ಯಾರೂ ಹೇಳದಿದ್ದರೂ ಅಡಿಗೆ ಮನೆಗೆ ಸರಿದಳು. ಓಲಗದ ಸದ್ದಿನಿಂದಲೇ ತಾಳಿ ಕಟ್ಟಿದ್ದು ತಿಳಿಯಿತು. ಬೀಗರು ಹೋಗಿ, ಚಪ್ಪರ ಬಿಚ್ಚಿ, ತಿಂಗಳು ಕಳೆಯಲಿ ಎಂದು ತಡೆದು, ಆಮೇಲೆ ತಮ್ಮನನ್ನು ಕೇಳಿದಳು.

"ಈಗ ತಾನೇ ಬೀಗತನ ಆಗಿದೆ ಅಕ್ಕ," ಎಂದ ಗುಂಡಣ್ಣ. "ಅವಳಿಗೊಂದು ಮಗು ಆಗಲಿ, ಅಲ್ಲಿ ಬೇರೂರಲಿ. ಇಷ್ಟು ದಿನ ಕಾದಿದ್ದೀಯ."

ಅವಳು ಇದನ್ನು ನರಸಿಂಹಯ್ಯನಿಗೆ ಹೇಳಿದಳು. ಅವನು ಆರಿಸುತ್ತಿದ್ದ ಕಾಯಿಯನ್ನು ಕೆಳಗೆ ಹಾಕಿದ. ಅಷ್ಟು ವರ್ಷದಲ್ಲಿ ಅವನಿಗೆ ಸಿಟ್ಟು ಬಂದಿದ್ದನ್ನು ಅವಳು ಅವತ್ತೇ ನೋಡಿದ್ದು.

"ನಿಮ್ಮ ತಮ್ಮ ಯಾವತ್ತೂ ಹೂಂ ಅನ್ನಲ್ಲ. ನೀವು ಅವರನ್ನ ಕೇಳೋದೂ ಬಿಡಲ್ಲ. ನಡುವೆ ನಾನು ಮಂಚಕ್ಕೆ ಪಾಲಿಶ್ ಹಾಕ್ತಾ ಕೂತಿರ್ಬೇಕು. ಅಲ್ವಾ?"

"ಅವನ್ನ ನಾನು ಸಾಕಿವ್ನಿ. ಬಿಟ್ಟು ಎಂಗೆ ಬರ್ಲಿ?"

"ಸಾಕಿದ್ರಿ. ಅವರಿಗೀಗ ಮೂವತ್ತೇಳು ವರ್ಷ," ಎಂದು ಅವನು ಎದ್ದುಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರಾಚೆಯ ಭಾನುವಾರಗಳೂ ಹಾಗೇ ಹೋದವು. ಕ್ಯಾಂಟೀನಿನಲ್ಲಿ ಕೊನೆಗೆ ನಿಲ್ಲುವುದನ್ನು ಬಿಟ್ಟು ಸಾಲಿನ ನಡುವೆ ಎಲ್ಲೋ ಸೇರಿಕೊಂಡು ಬಂದು, ತಟ್ಟೆ ಹಿಡಿದು, ಮುಖ ನೋಡದೆ ಹೋಗುತ್ತಿದ್ದ. ಇದು ತಿಂಗಳುಗಟ್ಟಲೆ ನಡೆಯಿತು. ಅವಳು ಸಂತೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ತನ್ನ ಚೀಲದ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂರುತ್ತಿದ್ದಳು. ಪಕ್ಕದವರು ಬುಟ್ಟಿ ಸರಿಸಿ ಒತ್ತಿದರೆ ಜಗಳಕ್ಕೆ ಹೋಗುತ್ತಿದ್ದಳು. ಹೋಗಿ ಅವನ ಬಾಗಿಲು ತಟ್ಟಲೇ ಎಂದು ಎಷ್ಟೋ ಸಲ ಎದ್ದು, ಕುಂಕುಮದಂಗಡಿಯವರೆಗೆ ನಡೆದು ತಿರುಗಿ ಬಂದಳು.

೧೯೬೬ರ ಮಳೆಗಾಲ. ಐದು ದಿನ ಅವನು ಊಟದ ಸಾಲಿನಲ್ಲಿ ಎಲ್ಲೂ ಕಾಣಲಿಲ್ಲ. ಆರನೇ ದಿನ ಪಾಷಾ ಕೈ ಒರೆಸಿಕೊಂಡು ಹತ್ತಿರ ಬಂದ. "ಅಮ್ಮ, ನರಸಿಂಹಯ್ಯನೋರಿಗೆ ಟೈಫಾಯಿಡ್ ಅಂತೆ. ಪೇಟೆ ದೊಡ್ಡಾಸ್ಪತ್ರೇಲಿ ಹಾಕವ್ರೆ. ಮೈ ಮೇಲೆ ಗ್ಯಾನ ಇಲ್ವಂತೆ."

ಎಸರು ಕುದಿಯುತ್ತಿತ್ತು. ಅವಳು ಕೋಲನ್ನು ಪಾಷಾನ ಕೈಗೆ ಕೊಟ್ಟು, ಸೆರಗು ಬಿಚ್ಚಿ ಸರಿ ಮಾಡಿಕೊಂಡು, ಹೊರಗೆ ನಡೆದಳು. ಹತ್ತು ವರ್ಷದಲ್ಲಿ ಕೆಲಸದ ನಡುವೆ ಅವಳು ಎದ್ದುಹೋಗಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲಿಗೆ ಒಬ್ಬಳು ಆಯಾ ಅಡ್ಡ ಕೂತಿದ್ದಳು.

"ಯಾರನ್ನ ನೋಡ್ಬೇಕು?"

"ನರಸಿಂಹಯ್ಯ ಅಂತ. ಯಶವಂತಪುರದೋರು."

"ಮನೆಯವರನ್ನ ಮಾತ್ರ ಬಿಡೋದು. ನೀವು ಅವರಿಗೆ ಏನಾಗ್ಬೇಕು?"

ಎಂಟು ವರ್ಷದಲ್ಲಿ ಅದಕ್ಕೊಂದು ಹೆಸರು ಬೇಕಾಗುತ್ತದೆ ಎಂದು ಮುನಿಗಂಗಮ್ಮ ಯೋಚಿಸಿರಲಿಲ್ಲ. ಹಿಂದೆ ನಿಂತಿದ್ದವರು ತಳ್ಳುತ್ತಿದ್ದರು. ಬಾಗಿಲ ಸಂದಿಯಿಂದ ಸಾಲು ಮಂಚಗಳು ಕಾಣುತ್ತಿದ್ದವು. ಅವುಗಳಲ್ಲಿ ಅವನದು ಯಾವುದು ಎಂದೂ ತಿಳಿಯದು. ಇವತ್ತು ಅವನೇನಾದರೂ ಹೋದರೆ ಈ ಬಾಗಿಲಾಚೆ ನಿಂತು ನೋಡಬೇಕಾಗುತ್ತದೆ, ಅಳುವುದಕ್ಕೂ ಯಾರಾದರೂ ಯಾಕೆ ಎಂದು ಕೇಳುತ್ತಾರೆ ಎನಿಸಿತು.

"ಕೇಳ್ತಿರೋದು ನಿಮ್ಮನ್ನೇ ಅಮ್ಮ. ಏನಾಗ್ಬೇಕು?"

"ನಾನು ಅವರ ಮನೆಯೋಳು," ಎಂದಳು ಮುನಿಗಂಗಮ್ಮ. ಗಟ್ಟಿಯಾಗಿ ಹೇಳಿದಳು. "ಎಂಡ್ತಿ."

ಆಯಾ ಕಾಲು ಸರಿಸಿದಳು.

ಮೂರು ದಿನ ಅವಳು ಮಂಚದ ಪಕ್ಕದ ನೆಲದ ಮೇಲೆ ಇದ್ದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿಯ ತಿಳಿ ಕುಡಿಸಿದಳು. ಎಂಟು ವರ್ಷ ಮುಟ್ಟದಿದ್ದ ಕೈಯನ್ನು ಹಿಡಿದುಕೊಂಡು ಕೂತಳು. ಉಳಿ ಹಿಡಿದು ಹಿಡಿದು ಹೆಬ್ಬೆರಳ ಬುಡ ಕಲ್ಲಿನಂತಾಗಿತ್ತು. ನಾಲ್ಕನೇ ದಿನ ಬೆಳಗ್ಗೆ ಅವನು ಕಣ್ಣು ಬಿಟ್ಟಾಗ ಅವಳು ನೀರು ತರಲು ಹೋಗಿದ್ದಳು. "ನಿಮ್ಮ ಮನೆಯವರು ಇಲ್ಲೇ ಇದಾರೆ, ಬರ್ತಾರೆ," ಎಂದಳು ಆಯಾ. "ನನಗೆ ಮನೆಯವರು ಯಾರೂ ಇಲ್ಲವಲ್ಲ," ಎಂದು ಅವನು ಅಷ್ಟು ನಿಶ್ಶಕ್ತಿಯಲ್ಲೂ ತಿದ್ದಿದ. ಅಷ್ಟರಲ್ಲಿ ಮುನಿಗಂಗಮ್ಮ ಚೊಂಬು ಹಿಡಿದು ಬಂದಳು. ಅವನು ಅವಳನ್ನು ನೋಡಿದ, ಆಯಾಳನ್ನು ನೋಡಿದ.

"ಇದಾರೆ. ಜ್ವರದಲ್ಲಿ ಮರೆತಿದ್ದೆ," ಎಂದ.

ಅವನನ್ನು ಮನೆಗೆ ಕಳಿಸುವ ಹಿಂದಿನ ದಿನ ಅವಳು ಶೆಟ್ಟಿಹಳ್ಳಿಗೆ ಹೋದಳು. ಗುಂಡಣ್ಣ ಅಂಗಳದಲ್ಲೇ ನಿಂತಿದ್ದ.

"ಎಲ್ಲಿ ಹೋಗಿದ್ದೆ ಇಷ್ಟು ದಿನ? ಊರೆಲ್ಲ ಕೇಳ್ತಿದೆ."

"ಕೇಳಾಕೆ ಬಂದಿಲ್ಲ ಗುಂಡ, ಯೋಳಾಕೆ ಬಂದಿವ್ನಿ. ನಾನು ಅವರ ಮನೆಗೆ ಓಗ್ತಿವ್ನಿ."

"ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ."

ಅವಳು ಆಗಲಿ ಎಂದಳು. ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡಳು. ಹೊರಡುವಾಗ ತಮ್ಮನ ತಲೆ ಮುಟ್ಟಬೇಕೆಂದು ಕೈ ಎತ್ತಿದಳು, ಅವನು ಮುಖ ತಿರುಗಿಸಿಕೊಂಡು ನಿಂತಿದ್ದ. ಪುಟ್ಟಲಕ್ಷ್ಮಿ ಮಾತ್ರ ಗಂಡನಿಗೆ ಕಾಣುವಂತೆಯೇ ಅವಳ ಗಂಟನ್ನು ಕೈಗೆ ತೆಗೆದುಕೊಂಡು ಊರ ಹೊರಗಿನ ಬಸ್ಸಿನವರೆಗೂ ಬಂದಳು. ಬಸ್ಸು ಹತ್ತುವಾಗ, "ನಾನು ಅವತ್ತೇ ಬಾಯಿ ಬಿಡಬೇಕಾಗಿತ್ತು ಅಕ್ಕಯ್ಯ. ನೀವಿದ್ರೆ ನಂಗೆ ಅಗುರ ಅಂತ ಸುಮ್ಕಿದ್ದೆ," ಎಂದಳು.

ವಠಾರದ ಮೂಲೆಯ ಮನೆಯ ಸೊಣ್ಣಮ್ಮ ಸ್ವತಃ ಕೂಡಿಕೆಯಾಗಿ ಬಂದವಳು. ಎಪ್ಪತ್ತರ ಆಸುಪಾಸು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ನರಸಿಂಹಯ್ಯ ಗೋಡೆ ಹಿಡಿದುಕೊಂಡು ನಿಲ್ಲುವಷ್ಟಾದ ದಿನ ಮೆಹಬೂಬ್ ಪಾಷಾನನ್ನೂ ವಠಾರದ ಮೂವರನ್ನೂ ಕೂರಿಸಿಕೊಂಡು, ಅವನ ಕೈಯಿಂದ ಒಂದು ಹಸಿರು ಸೀರೆ ಕೊಡಿಸಿದಳು. ಮುನಿಗಂಗಮ್ಮ ಅದನ್ನುಟ್ಟು ಬಂದಳು. ಪಾಷಾ ಸಿಹಿ ಅನ್ನ ಮಾಡಿ ತಂದಿದ್ದ. ಅವಳಿಗೆ ನಲವತ್ತೆಂಟು, ಅವನಿಗೆ ಐವತ್ತನಾಲ್ಕು.

ರೂಮು ಅವಳು ಅಂದುಕೊಂಡಂತೆ ಇರಲಿಲ್ಲ. ಕಿಟಕಿ ಇದ್ದದ್ದು ಎಡಕ್ಕೆ, ಅವಳು ಎಂಟು ವರ್ಷ ಬಲಕ್ಕೆ ಇಟ್ಟುಕೊಂಡು ಓಡಾಡಿದ್ದಳು. ಮೊದಲ ವಾರ ಹಿಟ್ಟಿನ ಡಬ್ಬಕ್ಕೆ ಕೈ ಚಾಚಿದರೆ ಅಲ್ಲಿ ಗೋಡೆ ಸಿಗುತ್ತಿತ್ತು. ಊಟಕ್ಕೆ ಅವನು, "ನೀವೂ ಕೂತ್ಕೊಳ್ಳಿ," ಎಂದರೆ ಅವಳಿಗೆ ನುಂಗಲು ಆಗುತ್ತಿರಲಿಲ್ಲ. ಅವಳು ಯಾವತ್ತೂ ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಕೂತು ಉಂಡವಳು. ಒಂದು ದಿನ ಅವನು ಧೈರ್ಯ ಮಾಡಿ, "ನೀನು ಕೂತ್ಕೋ," ಎಂದ. ಇಬ್ಬರೂ ನಕ್ಕುಬಿಟ್ಟರು. ಆಮೇಲೂ ಅವರು ಒಬ್ಬರನ್ನೊಬ್ಬರು ನೀವು ಎಂದೇ ಕರೆದುಕೊಂಡರು.

ಸುಖವಾಗಿದ್ದಳು. ಆದರೂ ವೇಣಿಯ ನೆನಪು ಒಂದು ದಿನವೂ ಬಿಡಲಿಲ್ಲ. ಮರುವರ್ಷ ವೇಣಿ ಬಸುರಿ ಎಂದು ಸುದ್ದಿ ಬಂತು. ಏಳನೇ ತಿಂಗಳಲ್ಲಿ ಗುಂಡಣ್ಣ ಯಾರ ಕೈಯಲ್ಲೋ ಹೇಳಿಕಳಿಸಿದ: ಬಾಣಂತನಕ್ಕೆ ಅಕ್ಕ ಬರಬಹುದು, ಒಬ್ಬಳೇ ಬರಬೇಕು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಹೋಗಿ ಬನ್ನಿ, ನನ್ನದೇನೂ ಇಲ್ಲ," ಎಂದ ನರಸಿಂಹಯ್ಯ. ಮೂರನೇ ದಿನ ಅವಳು, "ಬಂದ್ರೆ ಇಬ್ರೂ ಬತ್ತೀವಿ," ಎಂದು ಹೇಳಿಕಳಿಸಿದಳು. ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ವೇಣಿಗೆ ಹೆಣ್ಣು ಮಗುವಾಗಿದೆ ಎಂದು ಸಂತೆಯಲ್ಲಿ ಶೆಟ್ಟಿಹಳ್ಳಿಯವರೊಬ್ಬರು ಹೇಳಿದಾಗ ಮಗುವಿಗೆ ಆಗಲೇ ನಲವತ್ತು ದಿನ.

ಒಂದು ದಿನ, ಮಗುವಿಗೆ ಎಂಟು ತಿಂಗಳಿರುವಾಗ, ವೇಣಿ ಅಪ್ಪನಿಗೂ ಗಂಡನಿಗೂ ಹೇಳದೆ ಯಶವಂತಪುರಕ್ಕೆ ಬಂದಳು. ಮಗು ಹೊಸ ಮುಖ ನೋಡಿ ಅತ್ತಿತು. ಮುನಿಗಂಗಮ್ಮ ಅದನ್ನು ಕಂಕುಳಿಗೆ ಹಾಕಿಕೊಂಡು ವಠಾರದ ಅಂಗಳದಲ್ಲಿ ಎರಡು ಸುತ್ತು ಬಂದಳು, ಸುಮ್ಮನಾಯಿತು.

"ಅತ್ತೆ, ನನ್ನಿಂದಾನಾ ನೀವು ಅಷ್ಟು ವರ್ಷ ಕಾದಿದ್ದು?" ಎಂದು ಕೇಳಿದಳು ವೇಣಿ. "ಅಮ್ಮ ಎಲ್ಲ ಹೇಳಿದ್ಲು."

"ನಿನ್ನ ನೆಪ ಯೋಳಿದ್ರು. ನಾನೂ ಊಂ ಅಂದೆ. ನೀನೇನು ಮಾಡ್ತೀಯ ಅದಕ್ಕೆ, ಆಗ ನಿಂಗೆ ಅತ್ತು ವರ್ಸ," ಎಂದಳು ಮುನಿಗಂಗಮ್ಮ. ವೇಣಿ ಅತ್ತಳು. ಅತ್ತೆ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿದಳು.

ಪಾಳಿ ಮುಗಿಸಿ ಬಂದ ನರಸಿಂಹಯ್ಯ ಬಾಗಿಲಲ್ಲೇ ತಡೆದ. ತನ್ನ ರೂಮಿನಲ್ಲೇ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ. ವೇಣಿ ಎದ್ದು, "ಬನ್ನಿ ಮಾವ," ಎಂದಳು. ಅವನು ಉಳಿ ತೆಗೆದು ಮಗುವಿನ ಕೈಗೆ ಒಂದು ಸಣ್ಣ ಗಿಲಕಿ ಕೆತ್ತಲು ಕೂತ.

ಗಂಗಾನಗರದ ಕಡೆಗೆ ಹೋಗುವ ಬಸ್ಸಿಗೆ ಇಬ್ಬರೂ ಹೋಗಿ ಹತ್ತಿಸಿದರು. "ಬರೋ ತಿಂಗಳು ಬರ್ತೀನಿ ಅತ್ತೆ," ಎಂದಳು ವೇಣಿ ಕಿಟಕಿಯಿಂದ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಮುನಿಗಂಗಮ್ಮ ಅಲ್ಲೇ ನಿಂತಿದ್ದಳು.

"ಯಾರನ್ನೂ ಕೇಳ್ದೆ ಅವತ್ತೇ ಬಂದ್ಬಿಡಬೇಕಾಗಿತ್ತು ನಾನು," ಎಂದಳು. "ನಲ್ಲಿ ಬಂದದೆ ಅಂದ್ರಲ್ಲ, ಅವತ್ತೇ."

ಜ್ವರ ಬಿಟ್ಟ ಮೇಲೆ ನರಸಿಂಹಯ್ಯನಿಗೆ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟ. ರಸ್ತೆಯಲ್ಲಿ, ಜನರ ನಡುವೆ, ಹಾಡುಹಗಲಲ್ಲಿ. ಅವಳು ಕೈ ಸರಿಸಲಿಲ್ಲ.

ಬರುವ ತಿಂಗಳು ವೇಣಿ ಬರಲಿಲ್ಲ. ಗಂಡನ ಮನೆಯಲ್ಲಿ ಗೊತ್ತಾಯಿತಂತೆ. ಮುನಿಗಂಗಮ್ಮ ಸಂಜೆ ಅಕ್ಕಿ ಆರಿಸುತ್ತಾ ವಠಾರದ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದಳು. ಗಂಗಾನಗರದ ಬಸ್ಸು ಬಂದು ನಿಂತ ಸದ್ದಾದರೆ ಕೈ ತಡೆಯುತ್ತಿತ್ತು. ಎದುರಿಗೆ ಮಣೆಯ ಮೇಲೆ ಕೂತ ನರಸಿಂಹಯ್ಯನೂ ಅಷ್ಟು ಹೊತ್ತು ಸುಮ್ಮನಾಗಿ, ಬಸ್ಸು ಹೊರಟ ಮೇಲೆ ನಿಂತ ಮಾತನ್ನು ಮುಂದುವರಿಸುತ್ತಿದ್ದ.